ಶಬ್ದ ಹೀರುವ ನೇಯದ ಬಟ್ಟೆಗಳಲ್ಲಿ ನ್ಯಾನೋ ಎಳೆಗಳ ಪದರ: ಅರ್ಜಿದಾರರ ಮಾಹಿತಿಗಾಗಿ

ಮಗ್ಗದಲ್ಲಿ ನೇಯದೆ, ಎಳೆಗಳನ್ನು ಹಾಸಿ ಸೂಜಿಗಳಿಂದ ಚುಚ್ಚಿ ಅಥವಾ ಶಾಖದಿಂದ ಬೆಸೆದು ತಯಾರಿಸುವ ಬಟ್ಟೆಯನ್ನು ನೇಯದ ಬಟ್ಟೆ ಅಥವಾ ನಾನ್‌ವೋವನ್ ಎನ್ನಲಾಗುತ್ತದೆ. ಸಭಾಂಗಣದ ಗೋಡೆ ಹಾಗೂ ಮೋಟಾರು ವಾಹನಗಳ ಒಳಭಾಗದಲ್ಲಿ ಶಬ್ದ ಹೀರಲು ಇದನ್ನು ಬಳಸಲಾಗುತ್ತದೆ. ಶಬ್ದವು ಒಳಹೊಕ್ಕಾಗ ಎಳೆಗಳ ನಡುವಿನ ಗಾಳಿಯ ಘರ್ಷಣೆಯಿಂದ ಶಬ್ದಶಕ್ತಿಯು ಅತ್ಯಲ್ಪ ಶಾಖವಾಗಿ ಮಾರ್ಪಡುತ್ತದೆ.

ತಗ್ಗು ಸ್ವರಗಳನ್ನು ಹೀರುವಲ್ಲಿ ಈ ಬಟ್ಟೆ ದುರ್ಬಲವಾದುದು. 500 ಹರ್ಟ್ಸ್ ಶಬ್ದದ ತರಂಗದೂರ ಸುಮಾರು 68 ಸೆಂ.ಮೀ.; ಅದನ್ನು ಚೆನ್ನಾಗಿ ಹೀರಲು ಇದರ ಕಾಲುಭಾಗ, ಅಂದರೆ ಸುಮಾರು 17 ಸೆಂ.ಮೀ. ದಪ್ಪ ಬೇಕೆಂಬುದು ರೂಢಿಯ ಲೆಕ್ಕ. ಕಾರಿನ ಬಾಗಿಲಿನಲ್ಲಿ ಅಷ್ಟು ಸ್ಥಳ ದೊರೆಯುವುದಿಲ್ಲ.

ನ್ಯಾನೋ ಎಳೆಗಳ ಪದರವು ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸುತ್ತದೆ. 1 ಮೈಕ್ರಾನ್‌ಗಿಂತ ಸಣ್ಣದಾದ ಈ ಎಳೆಗಳನ್ನು ಪಾಲಿಮರ್ ದ್ರಾವಣಕ್ಕೆ ಸಾವಿರಾರು ವೋಲ್ಟ್ ವಿದ್ಯುತ್ ನೀಡಿ ಸೆಳೆಯಲಾಗುತ್ತದೆ. ಎಲೆಕ್ಟ್ರೋಸ್ಪಿನ್ನಿಂಗ್ ಎಂಬ ಈ ವಿಧಾನಕ್ಕೆ ಆಂಟನ್ ಫಾರ್ಮ್‌ಹಾಲ್ಸ್ 1934ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಆದರೆ ಸೂಜಿಯ ಮೊನೆಯಿಂದ ದೊರೆಯುವ ಎಳೆ ಅತಿ ಸ್ವಲ್ಪ. ಚೆಕ್ ಗಣರಾಜ್ಯದ ಲಿಬೆರೆತ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓಲ್ಡ್‌ರಿಖ್ ಯಿರ್ಸಾಕ್ ಮತ್ತು ಸಹೋದ್ಯೋಗಿಗಳು ಸೂಜಿಯ ಬದಲು ತಿರುಗುವ ಉರುಳೆಯನ್ನು ಬಳಸಿದ ತರುವಾಯ ಕಾರ್ಖಾನೆ ಪ್ರಮಾಣದ ಉತ್ಪಾದನೆ ಸುಗಮವಾಯಿತು. ಶಬ್ದ ಹೀರುವ ಪದರಗಳ ಅಧ್ಯಯನವೂ ಅಲ್ಲಿ ನಡೆದಿದೆ.

ಚದರ ಮೀಟರಿಗೆ ಕೆಲವೇ ಗ್ರಾಂ ತೂಗುವ ಪದರವು ಗಾಳಿಯ ಹರಿವಿಗೆ ಹೆಚ್ಚಿನ ತಡೆ ಒಡ್ಡುತ್ತದೆ. ತೆಳು ಪೊರೆಯಂತೆ ಕಂಪಿಸಿಯೂ ಶಬ್ದಶಕ್ತಿಯನ್ನು ಕುಗ್ಗಿಸುತ್ತದೆ. ಇದರಿಂದ ಹೀರುವಿಕೆಯು ತಗ್ಗು ಸ್ವರಗಳತ್ತ ಸರಿಯುತ್ತದೆ. ಪದರ ಅತಿಯಾಗಿ ದಟ್ಟವಾದಲ್ಲಿ ಶಬ್ದವು ಒಳಸೇರದೆ ಮರಳುವುದರಿಂದ, ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ಮಾರಾಟಗಾರರ ಮಾತನ್ನು ನಂಬತಕ್ಕದ್ದಲ್ಲ. ಪದರವು ಸುಲಭವಾಗಿ ಹರಿಯುವುದರಿಂದ ಎರಡು ಬಟ್ಟೆಗಳ ನಡುವೆ ಇರಿಸುವುದು ಸೂಕ್ತ.

ಪರೀಕ್ಷಾ ವರದಿಯಲ್ಲಿ ಹೀರುವಿಕೆಯ ಗುಣಾಂಕದೊಂದಿಗೆ ಮಾದರಿಯ ದಪ್ಪ, ತೂಕ ಮತ್ತು ಹಿಂಬದಿಯ ಗಾಳಿಯ ಅಂತರ ನಮೂದಾಗಿದೆಯೇ ಎಂಬುದನ್ನು ಅರ್ಜಿದಾರರು ಪರಿಶೀಲಿಸಿಕೊಳ್ಳುವುದು. ಅಂತರ ಹೆಚ್ಚಿಸಿದಲ್ಲಿ ಸಾಧಾರಣ ಬಟ್ಟೆಯೂ ತಗ್ಗು ಸ್ವರಗಳಲ್ಲಿ ಉತ್ತಮ ಅಂಕಿ ತೋರಿಸುತ್ತದೆ. ಐಎಸ್‌ಒ 10534-2ರ ಕೊಳವೆ ಪರೀಕ್ಷೆಯಲ್ಲಿ ಶಬ್ದವು ನೇರವಾಗಿ ಮಾತ್ರ ಬೀಳುತ್ತದೆ. ಐಎಸ್‌ಒ 354ರ ಕೊಠಡಿ ಪರೀಕ್ಷೆಯಲ್ಲಿ ಎಲ್ಲ ದಿಕ್ಕುಗಳಿಂದ ಬೀಳುತ್ತದೆ. ಆದುದರಿಂದ ಇವೆರಡರ ಅಂಕಿಗಳನ್ನು ಪರಸ್ಪರ ಹೋಲಿಸಬಾರದು. ಸಾರ್ವಜನಿಕ ಕಟ್ಟಡಗಳಿಗಾದರೆ ಬೆಂಕಿ ನಿರೋಧಕತೆಯ ವರದಿಯನ್ನೂ ಪಡೆಯತಕ್ಕದ್ದು.

ಶಬ್ದ ಹೀರುವುದು ಬೇರೆ, ಶಬ್ದ ತಡೆಯುವುದು ಬೇರೆ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ಸಭಾಭವನದ ಗೋಡೆಗೆ ಈ ಬಟ್ಟೆ ಹೊದಿಸಿದಲ್ಲಿ ಒಳಗಿನ ಮಾರ್ದನಿ ಇಳಿದು ಮಾತು ಸ್ಪಷ್ಟವಾಗುವುದೇ ಹೊರತು, ನೆರೆಮನೆಗೆ ತಲುಪುವ ಶಬ್ದ ಈ ಮಿತಿಗೆ ಇಳಿಯುವುದೆಂದು ಭಾವಿಸಬಾರದು. ಅದಕ್ಕೆ ಭಾರವಾದ ಗೋಡೆ ಮತ್ತು ಸಂದಿಯಿಲ್ಲದ ಬಾಗಿಲುಗಳೇ ಬೇಕು.