ಗೊರಕೆಗೆ ಮದ್ದು ಹುಡುಕಿದ ಕಥೆ

ಗೊರಕೆ ಹೊಡೆಯುವವರನ್ನು ಕುಂಭಕರ್ಣ ಅಂತ ನಾವೆಲ್ಲ ಆಡಿಕೊಂಡು ನಕ್ಕಿದ್ದೇವೆ. ಆದರೆ ಜೋರು ಗೊರಕೆ ನಡುವೆ ಸದ್ದೇ ನಿಂತು, ಸ್ವಲ್ಪ ಹೊತ್ತಿಗೆ ಉಸಿರುಗಟ್ಟಿದಂತೆ ಬೆಚ್ಚಿ ಮತ್ತೆ ಶುರುವಾದರೆ ಅದು ನಗುವ ವಿಷಯವಲ್ಲ. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಗಾಳಿಯ ದಾರಿ ಮುಚ್ಚಿಕೊಂಡಿರಬಹುದು. ಈ ಕಾಯಿಲೆಯೇ ಸ್ಲೀಪ್ ಅಪ್ನಿಯಾ.

ಬಹಳ ಕಾಲ ವೈದ್ಯರಿಗೂ ಇದರ ಗುಟ್ಟು ಗೊತ್ತಿರಲಿಲ್ಲ. 1836–37ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಕೂತಲ್ಲಿ ನಿಂತಲ್ಲಿ ನಿದ್ದೆ ಹೋಗುವ ಜೋ ಎಂಬ ದಪ್ಪ ಹುಡುಗನನ್ನು ತಂದರು. 1956ರಲ್ಲಿ ಅಮೆರಿಕದ ವೈದ್ಯರು ಅಂಥದೇ ಲಕ್ಷಣಗಳಿದ್ದ ರೋಗಿಯ ಬಗ್ಗೆ ಬರೆಯುವಾಗ ಆ ಕಾದಂಬರಿಯ ಹೆಸರನ್ನೇ ಕಾಯಿಲೆಗೆ ಇಟ್ಟರು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವುದನ್ನು 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ವೈದ್ಯರು ಅಳೆದು ತೋರಿಸಿದರು.

ಆಗ ಇದ್ದ ಖಚಿತ ಚಿಕಿತ್ಸೆ ಎಂದರೆ ಕತ್ತಿನಲ್ಲಿ ಶ್ವಾಸನಾಳಕ್ಕೆ ತೂತು ಮಾಡಿ ಕೊಳವೆ ಇಡುವುದು. ಹಗಲು ಮುಚ್ಚಿಕೊಂಡು, ರಾತ್ರಿ ತೆರೆದು ಮಲಗಬೇಕಿತ್ತು. ಉಸಿರೇನೋ ಸರಾಗ, ಆದರೆ ಆ ತೂತಿನೊಂದಿಗೇ ಬದುಕಬೇಕು.

1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸುಲ್ಲಿವನ್ ಎಂಬ ವೈದ್ಯರು ಬೇರೆ ದಾರಿ ಹಿಡಿದರು. ಗಾಳಿ ಊದುವ ಯಂತ್ರಕ್ಕೆ ಕೊಳವೆ ಜೋಡಿಸಿ, ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಬಿಟ್ಟರು. ಮಡಚಿದ ಸೈಕಲ್ ಟ್ಯೂಬು ಗಾಳಿ ಹಾಕಿದರೆ ಬಿಚ್ಚಿಕೊಳ್ಳುವಂತೆ ಗಂಟಲು ತೆರೆದುಕೊಂಡಿತು. ಐವರು ರೋಗಿಗಳ ಫಲಿತಾಂಶ 1981ರಲ್ಲಿ ಅಚ್ಚಾಯಿತು. ಇವತ್ತಿನ ಸಿಪ್ಯಾಪ್ ಯಂತ್ರ ಹುಟ್ಟಿದ್ದು ಹೀಗೆ.

ಈಗಿರುವ ದಾರಿಗಳನ್ನು ಹೋಲಿಸಿ ನೋಡೋಣ. ಮಧ್ಯಮ ಮತ್ತು ತೀವ್ರ ಕಾಯಿಲೆಗೆ ಸಿಪ್ಯಾಪ್ ಮೊದಲ ಆಯ್ಕೆ. ಆದರೆ ದಿನಾ ರಾತ್ರಿ ಹಾಕಿಕೊಳ್ಳಬೇಕು, ಕರೆಂಟೂ ಬೇಕು. ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ ಬರೀ ಗೊರಕೆಗೆ, ಕಡಿಮೆ ತೀವ್ರತೆಯ ಕಾಯಿಲೆಗೆ ಆಗಿಬರುತ್ತದೆ. ಗಂಟಲಿನ ಆಪರೇಷನ್ ಎಲ್ಲರಿಗೂ ಫಲ ಕೊಡದು. ಸದ್ದು ನಿಂತರೂ ಉಸಿರು ಕಟ್ಟುವುದು ಉಳಿಯಬಹುದು. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಕುಡಿತ ಬಿಡುವುದು ಹಲವರಿಗೆ ನೆರವಾಗುತ್ತದೆ.

ಗೊರಕೆ ಜೊತೆಗೆ ಹಗಲು ತೂಕಡಿಕೆಯೂ ಇದ್ದರೆ ತಡಮಾಡಬೇಡಿ. ಬೈಕು, ಟ್ರ್ಯಾಕ್ಟರ್ ಓಡಿಸುವವರಿಗಂತೂ ಅದು ಜೀವಕ್ಕೇ ಅಪಾಯ. ಬಿಪಿ, ಹೃದಯದ ತೊಂದರೆಗೂ ಈ ಕಾಯಿಲೆಗೂ ನಂಟಿದೆ.

ಮಲಗಿದವರಿಗೆ ತಮ್ಮ ಉಸಿರು ನಿಂತದ್ದು ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಎಚ್ಚರ ಇದ್ದವರಿಗೆ ಗೊತ್ತಾಗುತ್ತದೆ. ನಿಮ್ಮ ಮನೆಯಲ್ಲೂ ಹೀಗಾಗುತ್ತಿದ್ದರೆ ಕೈಯಲ್ಲಿರುವ ಮೊಬೈಲಿನಲ್ಲೇ ಒಂದು ವಿಡಿಯೋ ಮಾಡಿ. ಡಾಕ್ಟರಿಗೆ ತೋರಿಸಿ, ನಿದ್ದೆಯ ಪರೀಕ್ಷೆ ಬೇಕೇ ಎಂದು ಕೇಳಿ.