ಕಾಯುವ ನಾಡಿನ ನಿರೀಕ್ಷೆ

ಕನ್ನಡ ಕ್ರೈಸ್ತರ ಮಾತಿನಲ್ಲಿ ‘ನಿರೀಕ್ಷೆ’ ಎಂಬ ಪದಕ್ಕೆ ಎರಡು ಅರ್ಥವಿದೆ. ಬರಲಿರುವುದಕ್ಕಾಗಿ ಕಾಯುವುದು ಒಂದು. ಅದು ಬಂದೇ ಬರುತ್ತದೆಂಬ ಭರವಸೆ ಇನ್ನೊಂದು. ನಂಬಿಕೆ, ಪ್ರೀತಿಗಳ ಜೊತೆಯಲ್ಲಿ ಹೇಳುವ ಮೂರನೆಯ ಗುಣ ಇದೇ. ಈ ಎರಡು ಅರ್ಥಗಳೂ ಒಂದೇ ಪದದಲ್ಲಿ ಯಾಕೆ ಸೇರಿಕೊಂಡಿವೆ ಎಂದು ತಿಳಿಯಬೇಕಾದರೆ ಕೋಲಾರದ ಕಡೆಯ ಹೆಂಗಸರನ್ನು ಕೇಳಬೇಕು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ಇದು. ಇಲ್ಲಿ ಕಾಯುವುದನ್ನು ಯಾರಿಗೂ ಯಾರೂ ಹೇಳಿಕೊಟ್ಟಿಲ್ಲ.

ಬೇತಮಂಗಲವನ್ನೇ ನೋಡಿ. ಪಾಲಾರಿನ ನೀರನ್ನು ತಡೆದು ಕಟ್ಟಿದ ದೊಡ್ಡ ಕೆರೆ ಇಲ್ಲಿದೆ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಕೆರೆ ಒಡೆದಾಗ ಅದನ್ನು ಮತ್ತೆ ಕಟ್ಟಿಸಿದ ಸಂಗತಿ ಶಾಸನಗಳಲ್ಲಿದೆ. ಅಂದರೆ ಸಾವಿರ ವರ್ಷದ ಹಿಂದೆಯೂ ಇಲ್ಲಿಯವರು ಆಕಾಶ ನೋಡುತ್ತ ಸುಮ್ಮನೆ ಕೂತವರಲ್ಲ. ಮಳೆ ಬರುವುದು ದೇವರ ಕೈಯಲ್ಲಿತ್ತು. ಕಟ್ಟೆ ಗಟ್ಟಿಯಾಗಿರುವುದು, ತೂಬು ಸರಿಯಾಗಿರುವುದು, ಹೂಳು ತೆಗೆದಿರುವುದು ಜನರ ಕೈಯಲ್ಲಿತ್ತು.

ಕಾಯುವುದೆಂದರೆ ಏನೆಂದು ಈ ನಾಡು ಬಹಳ ಕಷ್ಟದಲ್ಲಿ ಕಲಿತದ್ದು 1876ರಿಂದ 1878ರವರೆಗಿನ ಬರಗಾಲದಲ್ಲಿ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ತಾಯಿತಂದೆ ಸತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದ ಮಕ್ಕಳು ದಾರಿಯಲ್ಲಿ ಬಿದ್ದಿದ್ದ ಕಾಲ ಅದು. ಆಗ ಕೋಲಾರದಲ್ಲಿ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲೆಂಡಿನ ಹೆಣ್ಣುಮಗಳು ಅಂಥ ಮಕ್ಕಳನ್ನು ಕರೆತಂದು ಅನಾಥಾಲಯ ನಡೆಸಿದಳು. ಹೊಟ್ಟೆಗೆ ಹಾಕುವುದರ ಜೊತೆಗೆ ಅವರನ್ನು ಬೆಳೆಸಿ ದೊಡ್ಡವರನ್ನಾಗಿ ಮಾಡುವ ಹೊಣೆಯೂ ಅವಳದಾಯಿತು. 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ಒಪ್ಪಿಸಿದಳು. ಮುಂದೆ ಕೋಲಾರದಲ್ಲಿ ಎಷ್ಟೋ ಹೆಂಗಸರಿಗೆ ಹೆರಿಗೆ ಮಾಡಿಸಿದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ಕಟ್ಟಿದ್ದೂ ಮೆಥಡಿಸ್ಟರೇ.

ಬರ ಯಾವಾಗ ಮುಗಿಯುತ್ತದೆಂದು ಆ ಹೆಣ್ಣಿಗೂ ಗೊತ್ತಿರಲಿಲ್ಲ. ಯೇಸು ಹೇಳಿದ ಹತ್ತು ಕನ್ಯೆಯರ ಕತೆ ನಿಮಗೆ ನೆನಪಿರಬಹುದು. ಮದುವಣಿಗ ತಡವಾಗಿ ಬಂದ. ಹತ್ತು ಮಂದಿಯೂ ಕಾದಿದ್ದರು, ಹತ್ತು ಮಂದಿಗೂ ನಿದ್ದೆ ಬಂತು. ವ್ಯತ್ಯಾಸವಿದ್ದದ್ದು ಎಣ್ಣೆಯಲ್ಲಿ ಮಾತ್ರ. ಐದು ಮಂದಿ ತಡವಾದರೂ ಸಾಲುವಷ್ಟು ಎಣ್ಣೆ ತಂದಿದ್ದರು.

ಬರ ಕಳೆದ ಮೇಲೆ ಇಲ್ಲಿ ಬೇರೊಂದು ಬಗೆಯ ಕಾಯುವಿಕೆ ಶುರುವಾಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಚಿನ್ನದ ಗಣಿಗಳು ಬೆಳೆದವು. ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, 1894ರಲ್ಲಿ ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಕುಡಿಯುವ ನೀರು ಬೇತಮಂಗಲದ ಕೆರೆಯಿಂದ ಹೋಯಿತು. ಕೂಲಿಗೆ ಬಂದವರಲ್ಲಿ ತಮಿಳು ಸೀಮೆಯವರೇ ಹೆಚ್ಚು. ಅವರಲ್ಲಿ ಬಹಳ ಮಂದಿ ಕ್ರೈಸ್ತರು. ಚಾಂಪಿಯನ್ ರೀಫಿನ ವಿಜಯಮಾತೆಯ ದೇವಾಲಯ ಅಂಥವರ ಪ್ರಾರ್ಥನೆಯ ಜಾಗ.

ಗಣಿ ಕೊನೆಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಲೈನು ಮನೆಗಳೂ ಅದುರುತ್ತಿದ್ದವು. ಅಡಿಗೆಮನೆಯಲ್ಲಿ ಪಾತ್ರೆ ಅಲುಗಿದರೆ ಸಾಕು, ಕೆಳಗಿಳಿದ ಗಂಡ, ಮಗ, ತಮ್ಮ ಯಾರೆಂದು ಮನಸ್ಸು ಎಣಿಸುತ್ತಿತ್ತು. ಅಂಥ ಹೊತ್ತಿನಲ್ಲಿ ತಾಳ್ಮೆಯೆಂಬುದು ಪುಸ್ತಕದ ಗುಣವಾಗಿ ಉಳಿಯುವುದಿಲ್ಲ. ಪಕ್ಕದ ಮನೆಯ ಮಗುವಿಗೆ ಅನ್ನ ಹಾಕಿ, ಅದರ ತಾಯಿಯ ಕೈ ಹಿಡಿದು ಕೂರುವುದೇ ತಾಳ್ಮೆ.

2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಆಮೇಲಿನ ಕಾಯುವಿಕೆಗೆ ಗಡುವೇ ಇಲ್ಲದಾಯಿತು. ಬಾಕಿ ಹಣಕ್ಕೆ, ಇದ್ದ ಮನೆಯ ಹಕ್ಕಿಗೆ, ಗಣಿ ಮತ್ತೆ ತೆರೆಯುತ್ತದೆಂಬ ಸುದ್ದಿಗೆ ಜನ ಕಾದರು. ಬೆಂಗಳೂರಿನ ಕೆಲಸಕ್ಕಾಗಿ ಸಾವಿರಾರು ಜನ ಬೆಳಕು ಹರಿಯುವ ಮೊದಲೇ ರೈಲು ಹತ್ತುವುದು ರೂಢಿಯಾಯಿತು. ಹೆಂಗಸರು ಇನ್ನೂ ಮುಂಚೆ ಎದ್ದು ಡಬ್ಬಿ ಕಟ್ಟಿಟ್ಟು ತಾವೂ ಹೊರಟರು.

ಇಲ್ಲಿ ಒಂದು ಮಾತು ಹೇಳಲೇಬೇಕು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಬಾಕಿ ಉಳಿಸಿಕೊಂಡವರು ಬಾಕಿ ಬರಬೇಕಾದವರಿಗೆ ಹೇಳಬಾರದು. ಕ್ರೈಸ್ತ ವಿಶ್ವಾಸ ಹೇಳುವ ತಾಳ್ಮೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಒಬ್ಬ ವಿಧವೆಯ ಕತೆಯಿದೆ. ದೇವರಿಗೂ ಹೆದರದ, ಮನುಷ್ಯರನ್ನೂ ಲಕ್ಷಿಸದ ಒಬ್ಬ ನ್ಯಾಯಾಧಿಪತಿಯ ಬಳಿಗೆ ಅವಳು ನ್ಯಾಯ ಕೊಡೆಂದು ಪದೇ ಪದೇ ಹೋಗುತ್ತಾಳೆ. ಅವನಿಗೆ ಸಾಕುಸಾಕಾಗಿ ನ್ಯಾಯ ಕೊಡುತ್ತಾನೆ. ಬೇಸರಪಡದೆ ಪ್ರಾರ್ಥಿಸಬೇಕೆಂಬುದಕ್ಕೆ ಯೇಸು ಆರಿಸಿಕೊಂಡದ್ದು ಈ ಹೆಂಗಸನ್ನು. ಅವಳು ಕಾದದ್ದೂ ನಿಜ, ಬಾಗಿಲು ತಟ್ಟಿದ್ದೂ ನಿಜ. ಅರ್ಜಿ ಹಿಡಿದು ಕಚೇರಿಗೆ ಅಲೆಯುವ ಹೆಣ್ಣುಮಗಳು ವಿಶ್ವಾಸ ಕಳೆದುಕೊಂಡವಳಲ್ಲ. ವಿಶ್ವಾಸವಿದ್ದುದರಿಂದಲೇ ಅವಳು ಮತ್ತೆ ಹೋಗುತ್ತಾಳೆ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಕ್ರೈಸ್ತರ ಮನೆಗಳಲ್ಲಿ ಸುಣ್ಣ ಬಳಿಯುವುದು, ಪಾತ್ರೆ ಉಜ್ಜುವುದು, ಕಜ್ಜಾಯಕ್ಕೆ ಅಕ್ಕಿ ನೆನೆಸುವುದು ನಡೆದಿರುತ್ತದೆ. ಕಾಯುವ ಕಾಲ ಕೆಲಸದ ಕಾಲವೂ ಹೌದೆಂದು ನಮ್ಮ ಹೆಂಗಸರಿಗೆ ಯಾವಾಗಲೂ ಗೊತ್ತಿತ್ತು.

2021ರ ಭಾರೀ ಮಳೆಗೆ ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳು ತುಂಬಿ ಕೋಡಿ ಹರಿದವು. ಮಳೆ ಎಲ್ಲ ಊರಿಗೂ ಸುರಿಯಿತು. ಆದರೆ ಕಟ್ಟೆ ನೋಡಿಕೊಂಡಿದ್ದ ಊರುಗಳ ಕೆರೆಯಲ್ಲಿ ಮಾತ್ರ ನೀರು ನಿಲ್ಲುತ್ತದೆ.