ಕೋಳಿಗೂಡಿನ ಬಾಗಿಲು ಯಾರ ಅಳತೆಯದು?

ಹಳೇಬೀಡಿನಿಂದ ಬಾಣಾವರದ ಕಡೆ ಹೋಗುವಾಗ ಸಿಗುವ ಜಾವಗಲ್‌ಗೆ ಇತಿಹಾಸದ ಆಸಕ್ತರು ಬರುವುದು ಲಕ್ಷ್ಮೀನರಸಿಂಹನ ಗುಡಿ ನೋಡಲು. ಹೊಯ್ಸಳರ ವೀರ ಸೋಮೇಶ್ವರನ ಕಾಲದ, ಸುಮಾರು 1250ರ ಈ ತ್ರಿಕೂಟದಲ್ಲಿ ಶಿಲ್ಪಿ ಮಲ್ಲಿತಮ್ಮನ ಉಳಿ ಆಡಿದೆ. ಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳು: ಕೆಳಗೆ ಆನೆ, ಅದರ ಮೇಲೆ ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ತುದಿಯಲ್ಲಿ ಹಂಸ. ಹಂಸಕ್ಕೆ ಸಾಲು ಮೀಸಲಾಯಿತು, ಹಿತ್ತಿಲಲ್ಲಿ ತಿಪ್ಪೆ ಕೆದಕುವ ಕೋಳಿಗೆ ಆಗಲಿಲ್ಲ. ಹಾಗೆಂದು ಕೋಳಿಗೆ ಚರಿತ್ರೆಯಿಲ್ಲವೆಂದಲ್ಲ. ಅದು ಉಳಿದಿರುವುದು ಗೂಡಿನ ಬಾಗಿಲಿನಲ್ಲಿ. ಶತಮಾನಗಳ ಕಾಲ ಆ ಬಾಗಿಲು ಕೋಳಿಯ ಮೈಯಳತೆಗೆ ತಕ್ಕಂತಿತ್ತು. ಕಳೆದ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಮನುಷ್ಯನ ಅಳತೆಗೆ ಹಿಗ್ಗಿತು. ಮರ, ತಗಡುಗಳ ಬೆಲೆ ಇದಕ್ಕೆ ಕಾರಣವಲ್ಲ. ಕೋಳಿಗೂ ಮನೆಗೂ ಇದ್ದ ಒಪ್ಪಂದವೇ ಬದಲಾಯಿತು ಎಂಬುದು ನನ್ನ ವಾದ.

ಹಳೆಯ ಒಪ್ಪಂದವನ್ನು ಬರೆದದ್ದು ಕೋಳಿಯ ಸ್ವಭಾವವೇ. ಇರುಳಲ್ಲಿ ಅದಕ್ಕೆ ಕಣ್ಣು ಕಾಣದು. ಕಾಡುಕೋಳಿ ಕತ್ತಲಾಗುವ ಮುಂಚೆ ಮರದ ಕೊಂಬೆ ಹತ್ತುತ್ತದೆ, ಊರಕೋಳಿ ದೀಪ ಹಚ್ಚುವ ಹೊತ್ತಿಗೆ ತಾನಾಗಿ ಗೂಡಿಗೆ ಬರುತ್ತದೆ. ಹಗಲೆಲ್ಲ ಕಣದಲ್ಲಿ, ತಿಪ್ಪೆಯಲ್ಲಿ, ತೆಂಗಿನ ಬುಡದಲ್ಲಿ ಮೇಯುವ ಹಕ್ಕಿಗೆ ಗೂಡು ಬೇಕಿದ್ದುದು ನಿದ್ದೆಗೆ ಮಾತ್ರ. ಆದ್ದರಿಂದ ಬಡವರ ಮನೆಯಲ್ಲಿ ಮೇದರು ಹೆಣೆದ ಬಿದಿರಿನ ಮಂಕರಿಯನ್ನು ಕವುಚಿ, ಮೇಲೊಂದು ಕಲ್ಲು ಹೇರಿದರೆ ಮುಗಿಯಿತು. ಅಲ್ಲಿ ಬಾಗಿಲೇ ಇಲ್ಲ. ಸ್ವಲ್ಪ ಅನುಕೂಲಸ್ಥರು ಜಗುಲಿಯ ಕೆಳಗೋ ಕೊಟ್ಟಿಗೆಯ ಮೂಲೆಯಲ್ಲೋ ಮಣ್ಣು ಕಲ್ಲಿನ ಗೂಡು ಕಟ್ಟಿ, ಒಂದು ಹಕ್ಕಿ ತಲೆ ತಗ್ಗಿಸಿ ನುಗ್ಗುವಷ್ಟು ಕಿಂಡಿ ಬಿಟ್ಟರು. ಅದನ್ನು ಮುಚ್ಚಲು ಒಂದು ಕಲ್ಲಿನ ಚಪ್ಪಡಿ, ಇಲ್ಲವೇ ಹಲಗೆ ಮತ್ತು ಅದಕ್ಕೆ ಆನಿಸಿದ ಒರಳುಗುಂಡು. ಕೀಲಿಲ್ಲ, ಚಿಲಕವಿಲ್ಲ.

ಈ ಕಿರಿದಾದ ಬಾಗಿಲಿನ ಹಿಂದೆ ಲೆಕ್ಕಾಚಾರವಿತ್ತು. ಕಿಂಡಿ ಚಿಕ್ಕದಾದಷ್ಟೂ ಮುಂಗುಸಿ, ಕಾಡುಬೆಕ್ಕು, ನರಿಗಳನ್ನು ತಡೆಯುವುದು ಸುಲಭ. ಒಂದೊಂದೇ ಒಳಗೆ ಹೋಗುವುದರಿಂದ ಮನೆಯಾಕೆಗೆ ಲೆಕ್ಕ ಸಿಗುತ್ತಿತ್ತು. ಒಂದು ಕಡಿಮೆ ಬಿದ್ದರೆ ಬೇಲಿಸಾಲು ಹುಡುಕಲು ಇನ್ನೂ ಬೆಳಕಿರುತ್ತಿತ್ತು. ಗೂಡಿನ ಆಳ ಒಂದು ತೋಳಿನುದ್ದ ಮೀರದಿದ್ದರೆ, ನೆಂಟರು ಬಂದ ರಾತ್ರಿ ಕುಕ್ಕರಗಾಲಲ್ಲಿ ಕೂತು ಕೈ ಹಾಕಿ, ಕಣ್ಣು ಕಾಣದೆ ಮುದುಡಿದ ಹುಂಜವನ್ನು ಗದ್ದಲವಿಲ್ಲದೆ ಎಳೆಯಬಹುದು. ಇನ್ನು ಮೊಟ್ಟೆಯ ಸಂಗತಿ. ಹೇಂಟೆ ಮೊಟ್ಟೆಯಿಡುತ್ತಿದ್ದುದು, ಕಾವಿಗೆ ಕೂರುತ್ತಿದ್ದುದು ಮನೆಯೊಳಗಿನ ಮೂಲೆಯಲ್ಲಿ, ಹುಲ್ಲು ಹಾಸಿದ ಬುಟ್ಟಿಯಲ್ಲಿ. ಮೊಟ್ಟೆಗಾಗಿ ಗೂಡಿಗೆ ಕೈ ಹಾಕುವ ಅಗತ್ಯವೇ ಇರಲಿಲ್ಲ. ಹೀಗಾಗಿ ಆ ಬಾಗಿಲಿಗೆ ದಿನಕ್ಕೆ ಎರಡೇ ಕೆಲಸ: ಮುಸ್ಸಂಜೆಗೆ ಮುಚ್ಚುವುದು, ಬೆಳಗ್ಗೆ ತೆರೆಯುವುದು.

ಮಣ್ಣು, ಬಿದಿರು ಉಳಿಯುವ ವಸ್ತುಗಳಲ್ಲ, ಹೊಯ್ಸಳರ ಕಾಲದ ಒಂದು ಗೂಡೂ ಕಣ್ಣೆದುರಿಗಿಲ್ಲ, ‘ಶತಮಾನಗಳ ಕಾಲ’ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಕಲ್ಲಿನಲ್ಲಿ ಮೂಡದ ಕೋಳಿ ಕಾವ್ಯದಲ್ಲಿ ಇದೆ. ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯ ಕೇಂದ್ರದಲ್ಲಿರುವುದೇ ಹಿಟ್ಟಿನ ಕೋಳಿಯ ಬಲಿ, ಆ ಪಾಪಕ್ಕೆ ತಾಯಿ ಮಗ ಪಡೆಯುವ ಜನ್ಮಗಳಲ್ಲಿ ಕೋಳಿಯ ಜನ್ಮವೂ ಒಂದು. ಜಾವಗಲ್‌ನ ಗುಡಿ ಏಳುವ ನಾಲ್ಕು ದಶಕ ಮೊದಲೇ, ಕೋಳಿಯನ್ನು ಬಿಡಿಸಿ ಹೇಳಬೇಕಿಲ್ಲದ ಓದುಗರು ಈ ನಾಡಿನಲ್ಲಿದ್ದರು. ಹಕ್ಕಿಯ ಇರುಳುಗುರುಡು ಅಂದಿಗೂ ಇಂದಿಗೂ ಒಂದೇ, ಮುಂಗುಸಿಯ ಹಸಿವೂ ಒಂದೇ. ಸಮಸ್ಯೆ ಬದಲಾಗದಿರುವಾಗ, ಕೈಗೆಟುಕುವ ಕಲ್ಲು ಬಿದಿರುಗಳಲ್ಲಿ ಪರಿಹಾರವೂ ಬಹಳ ಬದಲಾಗಿರಲಾರದು ಎಂದು ಊಹಿಸುವುದು ತಪ್ಪಲ್ಲ.

ಬದಲಾವಣೆ ಬಂದದ್ದು ಮೊಟ್ಟೆಯ ದಾರಿಯಲ್ಲಿ. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಸರ್ಕಾರಿ ಫಾರಂಗಳಿಂದ ವೈಟ್ ಲೆಗ್‌ಹಾರ್ನ್ ತಳಿ ಹೊರಬಂತು. ನಾಟಿ ಹೇಂಟೆ ವರ್ಷಕ್ಕೆ ಅರವತ್ತರ ಆಸುಪಾಸು ಮೊಟ್ಟೆಯಿಟ್ಟರೆ ಇದು ಇನ್ನೂರು ದಾಟುತ್ತದೆ, ಆದರೆ ಕಾವಿಗೆ ಕೂರುವುದಿಲ್ಲ, ತಿಪ್ಪೆಯನ್ನೇ ನಂಬಿ ಬದುಕುವುದಿಲ್ಲ. ಅದಕ್ಕೆ ಹಗಲೂ ಇರುಳೂ ಒಳಗೇ ವಾಸ, ಅಲ್ಲೇ ಮೇವು ನೀರು, ಅಲ್ಲೇ ಮೊಟ್ಟೆ, ಕಾಲಡಿ ಭತ್ತದ ಹೊಟ್ಟು. ದಿನಕ್ಕೆ ನಾಲ್ಕು ಸಲ ಒಳಹೋಗುವವನು ಈಗ ಮನುಷ್ಯ. ಕೋಳಿ ಹೊರಬರುವುದು ಮಾರಾಟದ ದಿನ. ಹಾಗಾಗಿ ಬಾಗಿಲು ಆಳೆತ್ತರವಾಯಿತು, ಕೀಲು ಚಿಲಕ ಬೀಗ ಬಂದವು. ಶತ್ರುವೂ ಬದಲಾದ. ನಾಟಿಕೋಳಿಗಳನ್ನು ಕೊಕ್ಕರೆ ರೋಗ ಹಿಂದೆಯೂ ಕೇರಿಗೆ ಕೇರಿಯೇ ಗುಡಿಸುತ್ತಿತ್ತು; ಸಾವಿರಾರು ಹಕ್ಕಿಗಳ ಶೆಡ್ಡಿನಲ್ಲಿ ಅಂಥ ರೋಗ ಒಳಬರುವುದು ಮನುಷ್ಯನ ಚಪ್ಪಲಿಗಂಟಿ. ಹಕ್ಕಿಜ್ವರ 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2012ರಲ್ಲಿ ನಮ್ಮ ಹೆಸರಘಟ್ಟದಲ್ಲೇ ಕಾಣಿಸಿಕೊಂಡ ಮೇಲೆ ಹೊಸ್ತಿಲಲ್ಲಿ ಸುಣ್ಣ, ಔಷಧಿ ನೀರಿನ ತೊಟ್ಟಿ ಇಡುವುದು ಇನ್ನಷ್ಟು ಕಟ್ಟುನಿಟ್ಟಾಯಿತು. ನರಿಯನ್ನು ತಡೆಯುತ್ತಿದ್ದ ಬಾಗಿಲು ಈಗ ಯಜಮಾನನ ಕಾಲನ್ನೇ ತಡೆದು ನಿಲ್ಲಿಸುತ್ತದೆ.

ಇದೆಲ್ಲ ಬರೀ ಸಂಖ್ಯೆಯ ಪ್ರಶ್ನೆ, ಸಾವಿರ ಕೋಳಿಗೆ ದೊಡ್ಡ ಬಾಗಿಲು, ಹತ್ತಕ್ಕೆ ಚಿಕ್ಕದು ಎನ್ನುವವರಿದ್ದಾರೆ. ಅರ್ಧ ನಿಜ. ಆದರೆ ಬೆಂಗಳೂರಿನ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಆಮೇಲಿನ ಸ್ವರ್ಣಧಾರ ಹಿತ್ತಿಲಿಗೆಂದೇ ಬಂದ ತಳಿಗಳು. ಅವುಗಳ ಹತ್ತು ಹಕ್ಕಿಯ ಗೂಡಿಗೂ ಇಂದು ನಾವು ಜಾಲರಿಯ ಅಗಲ ಕದವನ್ನೇ ಹಾಕಿಸುತ್ತೇವೆ. ಕೋಳಿ ಹತ್ತೇ ಆದರೂ ಮನಸ್ಸು ಫಾರಂನದು. ಪರಿಣಾಮವೂ ಕಾಣುತ್ತದೆ: ಸಂಜೆ ಒಂದು ಹಕ್ಕಿಯನ್ನು ಒಳಬಿಡಲು ಇಡೀ ಕದ ತೆರೆದರೆ ಒಳಗಿದ್ದವು ಹೊರಗೆ ಹಾರುತ್ತವೆ, ಮಳೆಗಾಲದಲ್ಲಿ ಮರ ಉಬ್ಬಿ ಕದ ಕೂರದೆ ಉಳಿದ ಸಂದಿನಲ್ಲಿ ಮುಂಗುಸಿ ನುಸುಳುತ್ತದೆ. ಹಾಗೆಂದು ಹಳೆಯ ಗೂಡನ್ನು ಹೊಗಳಿ ಕೂರುವಂತೆಯೂ ಇಲ್ಲ. ಕೈ ಮಾತ್ರ ಹೋಗುವ ಕಿಂಡಿಯಿಂದ ಹಿಕ್ಕೆ ಪೂರ್ತಿ ತೆಗೆಯಲಾಗದು. ಉಣ್ಣೆ, ಹೇನು, ಗಾಳಿಯಿಲ್ಲದ ಕಮಟು ಅದರ ಜೊತೆಗೇ ಇದ್ದವು.

ಆದ್ದರಿಂದ ಇಂದು ಹಿತ್ತಿಲಲ್ಲಿ ಗೂಡು ಕಟ್ಟಿಸುವವರು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಿಲ್ಲ, ಎರಡೂ ಬಾಗಿಲು ಇಡಿಸಬೇಕು. ಕೋಳಿಗೆ ಒಂದಡಿ ಎತ್ತರದ, ಮುಕ್ಕಾಲು ಅಡಿಗಿಂತ ತುಸು ಅಗಲದ ಕಿಂಡಿ. ಅದಕ್ಕೆ ಚಡಿಯಲ್ಲಿ ಮೇಲೆ ಕೆಳಗೆ ಸರಿಯುವ, ಹಗ್ಗದಿಂದ ಎತ್ತುವ, ಮಳೆಗೆ ಉಬ್ಬಿದರೂ ಸಿಕ್ಕಿಕೊಳ್ಳದಂತೆ ಎರಡು ಬದಿ ಸಡಿಲ ಬಿಟ್ಟ ಹಲಗೆ. ಗುಡಿಸುವವರಿಗೆ ಹೊರಕ್ಕೆ ತೆರೆಯುವ ದೊಡ್ಡ ಕದ. ಅದಕ್ಕೆ ಅರ್ಧ ಇಂಚಿನ ಗಟ್ಟಿ ಜಾಲರಿ, ಮೇಲೊಂದು ಕೆಳಗೊಂದು ಚಿಲಕ, ಒಳಗಿನ ಹೊಟ್ಟು ಚೆಲ್ಲದಂತೆ ಅರ್ಧ ಅಡಿಯ ಹೊಸ್ತಿಲು. ಚಿಕ್ಕದನ್ನು ದಿನಕ್ಕೆರಡು ಸಲ ಬಳಸಿ, ದೊಡ್ಡದನ್ನು ಗುಡಿಸುವ ದಿನ ಮಾತ್ರ ತೆಗೆಯಿರಿ. ಬಡಗಿಗೆ ಅಳತೆ ಕೊಡುವಾಗ ಕೋಳಿಯ ಅಳತೆಯನ್ನು ಮೊದಲು ಹೇಳಿ, ನಿಮ್ಮದನ್ನು ಆಮೇಲೆ.